ಮೊದಲು ಕನ್ನಡ, ಆಮೇಲೆ ಕುರ್ಚಿ!

ಒಂದೇ ಊರು. ರಸ್ತೆಯ ಈ ಬದಿ ಗ್ರಾಮ ಆಡಳಿತ ಅಧಿಕಾರಿಯ ಕಚೇರಿ, ಆ ಬದಿ ಬ್ಯಾಂಕು. ರೈತ ಇಲ್ಲಿ ಕಾಗದಪತ್ರ ಮಾಡಿಸಿಕೊಂಡು ಅಲ್ಲಿ ಬೆಳೆಸಾಲ ಕೇಳಲು ಹೋಗುತ್ತಾನೆ. 2024ರಲ್ಲಿ 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಪರೀಕ್ಷೆ ನಡೆಯಿತಲ್ಲ, ಅಲ್ಲಿ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ 150ಕ್ಕೆ 50 ಅಂಕವಾದರೂ ತೆಗೆಯದವನ ಉಳಿದ ಅಂಕ ಲೆಕ್ಕಕ್ಕೇ ಇಲ್ಲ. ನ್ಯಾಯ. ಜನರ ಜೊತೆ ಮಾತಾಡಬೇಕಾದವನಿಗೆ ಜನರ ಮಾತು ಬರಬೇಕು.

ಹಾಗಾದರೆ ರಸ್ತೆಯ ಆ ಬದಿಯ ಕತೆ ಏನು ಸ್ವಾಮಿ?

ರಾಷ್ಟ್ರೀಕೃತ ಬ್ಯಾಂಕುಗಳ ಪ್ರೊಬೇಷನರಿ ಆಫೀಸರ್ ನೇಮಕಾತಿಯಲ್ಲಿ ಪದವಿ ಕೇಳುತ್ತಾರೆ, ವಯಸ್ಸು ಕೇಳುತ್ತಾರೆ, ಇಂಗ್ಲಿಷ್ ಕೇಳುತ್ತಾರೆ. ಹೋಗಿ ಕೂರುವ ಊರಿನ ಭಾಷೆಯನ್ನು ಮಾತ್ರ ಕೇಳುವುದಿಲ್ಲ! 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯ ವ್ಯವಸ್ಥಾಪಕರು ಕನ್ನಡ ಮಾತಾಡುವುದಿಲ್ಲ ಎಂದದ್ದು ನಾಡಿಗೆಲ್ಲ ಗೊತ್ತಾಯಿತು. ಗಲಾಟೆಯಾಯಿತು, ವರ್ಗಾವಣೆಯಾಯಿತು, ಎಲ್ಲರೂ ಕೈತೊಳೆದುಕೊಂಡರು. ಕನ್ನಡ ಬರುತ್ತದೆಯೇ ಎಂದು ಕೇಳದೆ ಕಳಿಸುವ ನಿಯಮಕ್ಕೆ ವರ್ಗಾವಣೆ ಆಯಿತೇ? ಅದು ಇದ್ದಲ್ಲೇ ಇದೆ.

ಗ್ರಾಮೀಣ ಬ್ಯಾಂಕುಗಳದ್ದು ಇನ್ನೂ ಹೊಟ್ಟೆ ಉರಿಸುವ ಕತೆ. ಹೆಸರಲ್ಲೇ ಗ್ರಾಮ ಇದೆ. ಮೊದಲು ಈ ಬ್ಯಾಂಕುಗಳಿಗೆ ಸೇರಬೇಕಾದರೆ ಹತ್ತನೇ ತರಗತಿಯಲ್ಲಿ ಸ್ಥಳೀಯ ಭಾಷೆ ಓದಿರಬೇಕಿತ್ತು. 2014ರಲ್ಲಿ ಆ ಷರತ್ತು ಸಡಿಲವಾಯಿತು. ಕೆಲಸಕ್ಕೆ ಸೇರಿ, ಆಮೇಲೆ ಆರು ತಿಂಗಳಲ್ಲಿ ಕಲಿತುಕೊಳ್ಳಿ ಎಂಬ ರಿಯಾಯಿತಿ ಬಂತು. ಈಜು ಬಾರದವನನ್ನು ಅಂಬಿಗನನ್ನಾಗಿ ಮಾಡಿ, ನಿಧಾನವಾಗಿ ಕಲಿ ಎಂದ ಹಾಗೆ! ಕನ್ನಡಿಗರು ಕೂಗಿದ ಮೇಲೆ, 2019ರ ಜುಲೈನಲ್ಲಿ, ಈ ಪರೀಕ್ಷೆಗಳನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಸಂಸತ್ತಿನಲ್ಲಿ ಹೇಳಿದರು. ಅದು ನಮ್ಮ ಹೋರಾಟದ ಗೆಲುವು. ಆದರೆ ಪೂರ್ತಿ ಗೆಲುವಲ್ಲ.

ಯಾಕೆ ಗೊತ್ತೇ? 200 ಅಂಕದ ಮುಖ್ಯ ಪರೀಕ್ಷೆಯ ಮಾದರಿ ನೋಡಿ. ಭಾಷೆಗೆಂದೇ 40 ಅಂಕ ಇಟ್ಟಿದ್ದಾರೆ. ಆಯ್ಕೆ ಎರಡೇ: ಇಂಗ್ಲಿಷ್ ಅಥವಾ ಹಿಂದಿ. ಹಿಂದಿ ನಾಡಿನ ಹುಡುಗನಿಗೆ ತಾಯಿಯ ಭಾಷೆಯಲ್ಲಿ ಅಂಕ. ರಾಯಚೂರಿನ ಹುಡುಗಿಗೆ ಕಲಿತ ಭಾಷೆಯಲ್ಲಿ ಹೋರಾಟ. ಕೆಲಸ ಇರುವುದು ಮಾತ್ರ ಕನ್ನಡದಲ್ಲಿ! ಅರ್ಧ ಅಂಕಕ್ಕೆ ಕೆಲಸ ತಪ್ಪುವ ಈ ಪರೀಕ್ಷೆಗಳಲ್ಲಿ 40 ಅಂಕ ಎಂದರೆ ಹುಡುಗಾಟವೇ?

ಈ ಮಾತು ಎತ್ತಿದ ಕೂಡಲೇ 'ಸಂಕುಚಿತ ಮನಸ್ಸಿನವರು' ಎಂಬ ಬಿರುದು ಸಿದ್ಧ. ಇಂಥವರು ಸಂವಿಧಾನದ 16ನೇ ವಿಧಿ ಓದಲಿ. ಹುಟ್ಟಿದ ಊರು, ವಾಸ, ಜಾತಿ, ಧರ್ಮ ನೋಡಿ ಸರ್ಕಾರಿ ಕೆಲಸ ನಿರಾಕರಿಸಬಾರದು ಎಂದಿದೆ. ಆ ಪಟ್ಟಿಯಲ್ಲಿ ಭಾಷೆ ಇಲ್ಲ. ಕೆಲಸಕ್ಕೆ ಬೇಕಾದ ಭಾಷೆಯನ್ನು ಅರ್ಹತೆಯಾಗಿ ಕೇಳುವುದು ಭೇದವಲ್ಲ, ಚಾಲಕನಿಗೆ ಲೈಸೆನ್ಸ್ ಕೇಳಿದಷ್ಟೇ ಸಹಜ. 1980ರ ದಶಕದಲ್ಲೇ ಸರೋಜಿನಿ ಮಹಿಷಿ ಸಮಿತಿ ಕನ್ನಡಿಗ ಎಂದರೆ ಯಾರು ಎಂದು ಹೇಳುವಾಗ ಹುಟ್ಟನ್ನು ಹಿಡಿದು ಕೂರಲಿಲ್ಲ. 15 ವರ್ಷ ಇಲ್ಲಿ ಬಾಳಿರಬೇಕು, ಕನ್ನಡ ಓದಲು ಬರೆಯಲು ಮಾತಾಡಲು ಬರಬೇಕು ಎಂದಿತು. ಪಾಟ್ನಾದವನೋ ಪಾಲಕ್ಕಾಡಿನವನೋ ಕನ್ನಡ ಕಲಿತು ಬಂದರೆ ಅವನು ನಮ್ಮವನೇ. ನಮ್ಮ ಜಗಳ ಮನುಷ್ಯರ ಜೊತೆ ಅಲ್ಲ, ನಿಯಮದ ಜೊತೆ.

ಹಾಗೆಂದು ದೆಹಲಿಯನ್ನೇ ಬೈದು ಸುಮ್ಮನಿರಲೂ ಆಗದು. ನಮ್ಮದೇ ಕೆಪಿಎಸ್‌ಸಿ ಮಾಡಿದ್ದೇನು? 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದಾಗ ಕನ್ನಡದ ಪ್ರಶ್ನೆಗಳು ಕನ್ನಡಿಗರಿಗೇ ಅರ್ಥವಾಗದ ಹಾಗಿದ್ದವು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ. ಅದರಲ್ಲೂ ಅದೇ ತಪ್ಪು ಭಾಷಾಂತರ! ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರು ಮತ್ತೆ ಬೀದಿಗಿಳಿದರು. ಪ್ರಶ್ನೆಗಳನ್ನು ಕನ್ನಡದಲ್ಲೇ ತಯಾರಿಸಿ ಆಮೇಲೆ ಇಂಗ್ಲಿಷಿಗೆ ತಿರುಗಿಸಲು ಅಡ್ಡಿ ಏನು? ವಿಧಾನಸೌಧದ ಮುಂದೆ ರಾಜ್ಯೋತ್ಸವದ ಭಾಷಣ ಬಿಗಿಯುವವರು ಇದಕ್ಕೆ ಉತ್ತರ ಹೇಳಲಿ.

ಕನ್ನಡದ ಹುಡುಗರೇ, ಹುಡುಗಿಯರೇ, ನಿಮಗೂ ಒಂದು ಮಾತು. ಬ್ಯಾಂಕ್ ಕೆಲಸ ನಮಗಲ್ಲ ಎಂದು ಅರ್ಜಿಯನ್ನೇ ಹಾಕದಿದ್ದರೆ ಯಾವ ನಿಯಮ ಬಂದರೂ ಪ್ರಯೋಜನವಿಲ್ಲ. ಅರ್ಜಿ ಹಾಕಿ. ಕೋಚಿಂಗ್‌ನವರು ಬೇಡ ಎಂದರೂ ಪರೀಕ್ಷಾ ಮಾಧ್ಯಮ ಕನ್ನಡ ಎಂದೇ ಗುರುತು ಮಾಡಿ. ಕನ್ನಡದಲ್ಲಿ ಬರೆಯುವವರೇ ಇಲ್ಲ ಎಂದು ನಾಳೆ ಯಾರೂ ಹೇಳಬಾರದು.

ನಮ್ಮ ಬೇಡಿಕೆ ಸರಳ. 40 ಅಂಕದ ಭಾಷಾ ಪತ್ರಿಕೆಯಲ್ಲಿ ಕನ್ನಡವೂ ಇರಲಿ. ಗುಮಾಸ್ತನಿರಲಿ, ಆಫೀಸರ್ ಇರಲಿ, ಕರ್ನಾಟಕದ ಕೌಂಟರಿಗೆ ಬರುವವರಿಗೆ ಕನ್ನಡ ಪರೀಕ್ಷೆ ನೇಮಕಾತಿ ಆದೇಶಕ್ಕೆ ಮೊದಲೇ ಆಗಲಿ. ಅದನ್ನು ಬ್ಯಾಂಕಿನವರ ಕೈಗೆ ಬಿಡದೆ ಹೊರಗಿನವರು ನಡೆಸಲಿ. ಇಲ್ಲಿಂದ 28 ಜನ ಲೋಕಸಭೆಗೆ ಹೋಗಿದ್ದಾರೆ. ನಿಮ್ಮ ಕ್ಷೇತ್ರದವರ ಕಚೇರಿಗೆ ಹತ್ತು ಜನ ಸೇರಿ ಹೋಗಿ, ಈ 40 ಅಂಕದ ವಿಷಯ ಅವರಿಗೆ ಗೊತ್ತೇ ಎಂದು ಕೇಳಿ. ಗೊತ್ತಿಲ್ಲ ಎಂದರೆ ಈ ಪತ್ರಿಕೆಯ ಒಂದು ಪ್ರತಿ ಅವರ ಮೇಜಿನ ಮೇಲೆ ಇಟ್ಟು ಬನ್ನಿ.