ಕೋಸಂಬರಿಯ ಒಗ್ಗರಣೆ ಬರಿಯ ಅಲಂಕಾರವಲ್ಲ

ಹಾಸನದಿಂದ ಬೇಲೂರಿಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ತುಸು ಒಳಕ್ಕೆ ಹೋದರೆ ದೊಡ್ಡಗದ್ದವಳ್ಳಿ ಸಿಗುತ್ತದೆ. 12ನೆಯ ಶತಮಾನದ ಆದಿಭಾಗದಲ್ಲಿ ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿಯನ್ನು ನೋಡಲು ಅಲ್ಲಿಗೆ ದೂರದೂರದಿಂದ ಜನ ಬರುತ್ತಾರೆ. ನಾವಿಲ್ಲಿ ಆಡಬೇಕೆಂದಿರುವುದು ಗುಡಿಯ ಮಾತನ್ನಲ್ಲ, ಆ ಸೀಮೆಯ ಊಟದ ಮಾತನ್ನು. ರಾಗಿಮುದ್ದೆ, ಸೊಪ್ಪಿನ ಸಾರು, ಅನ್ನ. ಪಕ್ಕದಲ್ಲಿ ನೆಂಚಿಕೊಳ್ಳಲು ಕೋಸಂಬರಿಯೋ, ಮೊಸರುಬಜ್ಜಿಯೋ, ಹುಚ್ಚೆಳ್ಳಿನ ಚಟ್ನಿಪುಡಿಯೋ. ಮುದ್ದೆಯೇ ಊಟ, ಪಕ್ಕದಲ್ಲಿರುವುದು ನಾಲಗೆಯ ಚಪಲಕ್ಕೆ ಎಂಬುದು ನಮ್ಮಲ್ಲಿ ಬೇರೂರಿದ ಭಾವನೆ. ಇದು ತಪ್ಪೆಂದು ನಾವು ಹೇಳುತ್ತೇವೆ.

ರಾಗಿಯ ಸಂಗತಿಯನ್ನೇ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, 4.6 ಮಿಲಿಗ್ರಾಂ ಕಬ್ಬಿಣ ಇವೆ. ಆದರೆ ಧಾನ್ಯದಲ್ಲಿರುವುದೆಲ್ಲ ರಕ್ತಕ್ಕೆ ಸೇರುವುದೆಂದು ತಿಳಿಯಬಾರದು. ರಾಗಿಯ ಫೈಟಿಕ್ ಆಮ್ಲವೂ ಟ್ಯಾನಿನ್ನುಗಳೂ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡು, ಕರುಳು ಅದನ್ನು ಹೀರದಂತೆ ಮಾಡುತ್ತವೆ. ಈ ಬಿಗಿತವನ್ನು ಸಡಿಲಿಸುವ ಶಕ್ತಿ ‘ಸಿ’ ಜೀವಸತ್ತ್ವಕ್ಕೆ ಉಂಟು. ಅದು ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಬಲ್ಲ ರೂಪಕ್ಕೆ ತಿರುಗಿಸಿ, ಕರಗಿದ ಸ್ಥಿತಿಯಲ್ಲಿಯೇ ಉಳಿಸುತ್ತದೆ. ಆದರೆ ಎರಡೂ ಒಂದೇ ಊಟದಲ್ಲಿ ಕೂಡಬೇಕು; ಬೆಳಿಗ್ಗೆ ಕುಡಿದ ಪಾನಕವು ರಾತ್ರಿಯ ಮುದ್ದೆಗೆ ಉಪಕಾರ ಮಾಡಲಾರದು. ಹೆಚ್ಚು ಹೊತ್ತು ಬೇಯಿಸಿದರೆ ಈ ಜೀವಸತ್ತ್ವ ನಾಶವಾಗುವುದರಿಂದ ಸಾರಿನೊಡನೆ ನಿಂಬೆಯನ್ನು ಕುದಿಸಿ ಫಲವಿಲ್ಲ. ಬೇಯಿಸದ ಕೋಸಂಬರಿಯ ಹೆಚ್ಚುಗಾರಿಕೆ ಇಲ್ಲಿಯೇ ಇದೆ. ನಿಂಬೆಗಿಂತಲೂ ಹಲವು ಪಟ್ಟು ‘ಸಿ’ ಜೀವಸತ್ತ್ವ ನೆಲ್ಲಿಕಾಯಿಯಲ್ಲಿದೆ. ಅದು ಸಿಗುವ ತಿಂಗಳುಗಳಲ್ಲಿ ಹಸಿಯ ನೆಲ್ಲಿಕಾಯಿ ಚಟ್ನಿ ಇನ್ನೂ ಉತ್ತಮ. ಊಟವಾದ ಕೂಡಲೇ ಕಾಫಿ ಕುಡಿಯುವವರು ಈ ಲಾಭವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತಾರೆ. ಕಾಫಿಯ ಜಿಲ್ಲೆಯವರಿಗೆ ಇದನ್ನು ಹೇಳಲು ನಮಗೂ ಸಂಕೋಚವೇ.

ಇನ್ನು ಎಣ್ಣೆಯ ವಿಚಾರ. ಜಿಡ್ಡು ಕೆಟ್ಟದ್ದೆಂಬ ಮಾತು ಹಬ್ಬಿದ ಮೇಲೆ ಅನೇಕರು ಮೊದಲು ಬಿಟ್ಟದ್ದು ಕೋಸಂಬರಿಯ ಒಗ್ಗರಣೆಯನ್ನು. ಕರಿದ ಬೋಂಡವನ್ನು ಅವರು ಬಿಟ್ಟಂತೆ ಕಾಣಲಿಲ್ಲ! ಗಜ್ಜರಿಯ ಕೆಂಪು, ಸೊಪ್ಪಿನ ಹಸಿರಿನಲ್ಲಿ ಅಡಗಿದ ಹಳದಿ, ಇವು ಕ್ಯಾರೊಟಿನಾಯ್ಡ್‌ಗಳೆಂಬ ವರ್ಣದ್ರವ್ಯಗಳು. ಇವುಗಳಲ್ಲಿ ಕೆಲವನ್ನು ಶರೀರವು ‘ಎ’ ಜೀವಸತ್ತ್ವವನ್ನಾಗಿ ಮಾರ್ಪಡಿಸಿಕೊಳ್ಳುತ್ತದೆ. ಇವು ನೀರಿನಲ್ಲಿ ಕರಗವು, ಜಿಡ್ಡಿನಲ್ಲಿ ಕರಗುತ್ತವೆ. ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಒಂದೇ ಬಗೆಯ ಹಸಿ ತರಕಾರಿಯ ಸಾಲಡ್ಡನ್ನು ಮೂರು ರೀತಿಯಲ್ಲಿ ಬಡಿಸಿದರು: ಎಣ್ಣೆಯಿಲ್ಲದೆ, 6 ಗ್ರಾಂ ಎಣ್ಣೆಯೊಡನೆ, 28 ಗ್ರಾಂ ಎಣ್ಣೆಯೊಡನೆ. ಎಣ್ಣೆಯಿಲ್ಲದೆ ತಿಂದಾಗ ಈ ವರ್ಣದ್ರವ್ಯಗಳು ರಕ್ತಕ್ಕೆ ಸೇರಿದ್ದು ಇಲ್ಲವೆನ್ನುವಷ್ಟು ಕಡಮೆ. ಎಣ್ಣೆ ಹೆಚ್ಚಿದಂತೆ ಹೀರಿಕೆಯೂ ಹೆಚ್ಚಿತು. ಪರೀಕ್ಷೆಗೆ ಒಳಗಾದವರು ಕೆಲವರೇ ಆದರೂ ತತ್ತ್ವ ಸ್ಪಷ್ಟವಾಗಿದೆ. 28 ಗ್ರಾಂ ಎಣ್ಣೆ ಸುರಿಯಿರೆಂದು ನಾವು ಹೇಳುತ್ತಿಲ್ಲ. ಒಬ್ಬೊಬ್ಬರಿಗೆ ಒಂದು ಚಿಕ್ಕ ಚಮಚ ಎಣ್ಣೆ, ಮೇಲೆ ಹಸಿ ತೆಂಗಿನತುರಿ ಇದ್ದರೆ ಸಾಕು. ಆ ತುರಿಯ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಜಿಡ್ಡೇ. ಚನ್ನರಾಯಪಟ್ಟಣದ ತೋಟಗಳಲ್ಲಿ ತೆಂಗಿಗೆ ಬರವಿಲ್ಲವಷ್ಟೆ.

ಸಾಸಿವೆಯ ವರ್ತನೆಯಂತೂ ಬಲು ಸ್ವಾರಸ್ಯವಾದದ್ದು. ಹಸಿ ಸಾಸಿವೆಯನ್ನು ನೀರು ಹಾಕಿ ಅರೆದಾಗ ಕಾಳಿನೊಳಗೆ ಬೇರೆಬೇರೆಯಾಗಿದ್ದ ಒಂದು ಕಿಣ್ವವೂ ಒಂದು ಗ್ಲುಕೋಸೈಡೂ ಸಂಧಿಸಿ, ಮೂಗಿಗೆ ಏರುವ ಘಾಟನ್ನು ಉತ್ಪತ್ತಿಮಾಡುತ್ತವೆ. ಕಾದ ಎಣ್ಣೆಗೆ ಬಿದ್ದ ಕಾಳಿನಲ್ಲಿಯಾದರೋ ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ, ಕಿಣ್ವವು ಶಾಖಕ್ಕೆ ನಿಷ್ಕ್ರಿಯವಾಗುತ್ತದೆ; ಘಾಟು ಹುಟ್ಟದೆ ಹುರಿದ ಪರಿಮಳ ಮಾತ್ರ ಬರುತ್ತದೆ. ಒಗ್ಗರಣೆಯ ಸಾಸಿವೆಗೂ, ತೆಂಗಿನಕಾಯಿಯೊಡನೆ ಅರೆದು ಮೊಸರಿಗೆ ಬೆರೆಸುವ ‘ಸಾಸಿವೆ’ ಎಂಬ ವ್ಯಂಜನಕ್ಕೂ ಇರುವ ರುಚಿಯ ಅಂತರಕ್ಕೆ ಇದೇ ಕಾರಣ. ಫ್ರೆಂಚರು ಎಣ್ಣೆ, ವಿನೆಗರುಗಳನ್ನು ಕಡೆದು ವಿನೆಗ್ರೆಟ್ ಮಾಡುವಾಗಲೂ ಅರೆದ ಸಾಸಿವೆಯನ್ನು ಸೇರಿಸುವುದುಂಟು. ಅದರ ಲೋಳೆಯು ಎಣ್ಣೆಯ ಹನಿಗಳು ಮತ್ತೆ ಒಂದುಗೂಡದಂತೆ ತಡೆಯುತ್ತದೆ. ನಮ್ಮ ಸಾಸಿವೆಯಲ್ಲಿ ತೆಂಗಿನ ಜಿಡ್ಡೂ ಮೊಸರಿನ ಹುಳಿಯೂ ಒಂದಾಗಿ ನಿಲ್ಲುವುದಕ್ಕೆ ಅದೇ ಲೋಳೆ ನೆರವಾಗುತ್ತದೆ. ಅಂಗಡಿಯ ಸೀಸೆಗಳಲ್ಲಿ ಇದೇ ಕೆಲಸಕ್ಕೆ ಅಂಟುಗಳನ್ನು ಬೆರೆಸುತ್ತಾರೆ. ಅರೆಯುವ ಕಲ್ಲಿದ್ದ ಮನೆಗೆ ಆ ಸೀಸೆ ಅಗತ್ಯವೆಂದು ನಮಗೆ ತೋರುವುದಿಲ್ಲ.

ಉಪ್ಪನ್ನು ಮಾತ್ರ ಬಡಿಸುವ ಮುನ್ನ ಹಾಕತಕ್ಕದ್ದು. ಮೊದಲೇ ಹಾಕಿದರೆ ಸೌತೆಕಾಯಿಯ ಕೋಶಗಳಿಂದ ನೀರು ಹೊರಬಂದು ಎಲ್ಲವೂ ಸಪ್ಪೆಯಾಗುತ್ತದೆ. ನೆನೆದ ಬೇಳೆಯೂ ಹೆಚ್ಚಿದ ಸೌತೆಯೂ ಸೆಕೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ರಾಮನವಮಿಯ ಪೆಂಡಾಲುಗಳಲ್ಲಿ ಮಧ್ಯಾಹ್ನದವರೆಗೂ ಹಂಚುವವರು ಇದನ್ನು ಗಮನಿಸಬೇಕು. ಶಾಲೆಗಳ ಅಕ್ಷರ ದಾಸೋಹದಲ್ಲಿ ನೂರಾರು ಮಕ್ಕಳಿಗೆ ಹಸಿಯ ಕೋಸಂಬರಿಯನ್ನು ಶುಚಿಯಾಗಿ ಒದಗಿಸುವುದು ಕಷ್ಟ. ಬಡಿಸುವಾಗ ತಟ್ಟೆಗೆ ಒಂದು ಹೋಳು ನಿಂಬೆ ಕೊಡುವುದು ಕಷ್ಟವಲ್ಲ. ಅದನ್ನು ಏಕೆ ಮಾಡಬಾರದು?

ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚಾಗಿ ನಾಟಿರುವ ಸಂಗತಿ ಬೇರೊಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಸ್ತ್ರೀಯರ ಪೈಕಿ ನೂರಕ್ಕೆ 57 ಮಂದಿಯಲ್ಲಿ ರಕ್ತಹೀನತೆ ಕಂಡುಬಂದಿತು; ಕರ್ನಾಟಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಯಲ್ಲಿ. ಇದಕ್ಕೆ ಕಾರಣಗಳು ಹಲವು. ನಿಂಬೆಯೊಂದೇ ಮದ್ದಲ್ಲ, ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಯಾರೂ ಬಿಡಕೂಡದು. ಆದರೆ ನಮ್ಮ ಮನೆಗಳಲ್ಲಿ ಬಡಿಸುವವಳು ಕೊನೆಗೆ ಕುಳಿತುಕೊಳ್ಳುತ್ತಾಳೆ. ಆ ಹೊತ್ತಿಗೆ ಮುದ್ದೆ ಮಿಕ್ಕಿರುತ್ತದೆ, ಸಾರಿನ ತಿಳಿ ಮಿಕ್ಕಿರುತ್ತದೆ. ಕೋಸಂಬರಿಯ ಪಾತ್ರೆ ಬರಿದಾಗಿರುತ್ತದೆ. ಯಾರಿಗೆ ಆ ಕಬ್ಬಿಣ ಎಲ್ಲರಿಗಿಂತ ಹೆಚ್ಚು ಬೇಕೋ ಅವಳ ತಟ್ಟೆಯಲ್ಲಿಯೇ ಅದನ್ನು ಬಿಡಿಸಿಕೊಡುವ ಹುಳಿ ಇಲ್ಲ. ಹೆಸರುಬೇಳೆಯನ್ನು ನೆನೆಹಾಕುವಾಗಲೇ ಅವಳ ಪಾಲನ್ನೂ ಅಳೆದು ಹಾಕಿ, ಬೇರೊಂದು ಬಟ್ಟಲಿನಲ್ಲಿ ತೆಗೆದಿಡಬೇಕು. ಉಪ್ಪನ್ನೂ ನಿಂಬೆಯನ್ನೂ ಅವಳು ಕುಳಿತ ಮೇಲೆ, ಉಂಡು ಎದ್ದವರಲ್ಲಿ ಒಬ್ಬರು ಬೆರೆಸಿಕೊಟ್ಟರೆ ನೀರೂ ಬಿಡುವುದಿಲ್ಲ.