ಮನೆಯೊಳಗಿನ ರಸಾಯನ: ಮೆಣಸಿನಕಾಯಿಯ ಕೆಂಪು ಏಕೆ ಮಾಸುತ್ತದೆ?

ಚಿಕ್ಕೇರೂರಿನ ಕಡೆಯ ಮನೆಗಳಲ್ಲಿ ಬಿಸಿಲೇರಿದ ಕೂಡಲೆ ವರ್ಷಕ್ಕಾಗುವಷ್ಟು ಖಾರಪುಡಿಯನ್ನು ಮಾಡಿಸಿ ಡಬ್ಬಿ ತುಂಬುವ ವಾಡಿಕೆಯುಂಟು. ಆಗ ಕುಂಕುಮವನ್ನು ನಾಚಿಸುವಂತಿದ್ದ ಪುಡಿಯು ದೀಪಾವಳಿಯ ಹೊತ್ತಿಗೆ ಮಾಸಿದ ಇಟ್ಟಿಗೆಯ ಬಣ್ಣಕ್ಕೆ ಇಳಿದಿರುತ್ತದೆ. ನಾಲಿಗೆಗೆ ಹಚ್ಚಿ ನೋಡಿದರೆ ಖಾರ ಮಾತ್ರ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಅಂಗಡಿಯವನು ಹಳೆಯ ಕಾಯಿ ಕೊಟ್ಟನೆಂದು ಮನೆಯವರು ಗೊಣಗುವುದನ್ನು ನಾವು ಕೇಳಿದ್ದೇವೆ. ಆದರೆ ಅನೇಕ ವೇಳೆ ತಪ್ಪು ಅಂಗಡಿಯವನದಲ್ಲ. ಡಬ್ಬಿಯೊಳಗೆ ಯಾರ ಅಪ್ಪಣೆಗೂ ಕಾಯದೆ ನಡೆದಿರುವ ಒಂದು ರಾಸಾಯನಿಕ ಕ್ರಿಯೆಯದು. ಪ್ರೌಢಶಾಲೆಯ ಮಕ್ಕಳು ಕ್ರಿಯೆಯ ವೇಗವನ್ನೂ ಇಂಗಾಲದ ಸಂಯುಕ್ತಗಳನ್ನೂ ಬೇರೆಬೇರೆ ಪಾಠಗಳಲ್ಲಿ ಬಾಯಿಪಾಠ ಮಾಡುತ್ತಾರೆ. ಅವೆರಡೂ ಕೂಡಿ ನಡೆಯುವ ಸ್ಥಳ ಅವರ ಮನೆಯ ಅಡಿಗೆಮನೆಯೇ ಆಗಿದೆ.

ಹಿರೇಕೆರೂರು ತಾಲೂಕಿನ ನೆರೆಯಲ್ಲಿಯೇ ಬ್ಯಾಡಗಿ ಇದೆ. ಆ ಊರಿನ ಹೆಸರು ಹೊತ್ತ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ಸುಕ್ಕುಗಟ್ಟಿದ ಸಿಪ್ಪೆ, ಕಡಿಮೆ ಖಾರ, ಗಾಢವಾದ ಕೆಂಪು, ಇವು ಅದರ ಲಕ್ಷಣಗಳು. ಕೊಳ್ಳುವವನು ಹಣ ಕೊಡುವುದು ಮುಖ್ಯವಾಗಿ ಬಣ್ಣಕ್ಕೆ. ಆದುದರಿಂದ ಬಣ್ಣ ಮಾಸಿತೆಂದರೆ ಒಕ್ಕಲಿಗನ ವರ್ಷದ ದುಡಿಮೆಯೇ ಮಾಸಿದಂತೆ.

ಈ ಕೆಂಪು ಎಂಬುದು ಏನು? ಅದರಲ್ಲಿ ಮುಖ್ಯವಾದುದು ಕ್ಯಾಪ್ಸಾಂಥಿನ್ ಎಂಬ ದ್ರವ್ಯ. ಅದರ ಒಂದೊಂದು ಅಣುವಿನಲ್ಲಿ ಇಂಗಾಲದ 40, ಜಲಜನಕದ 56, ಆಮ್ಲಜನಕದ 3 ಪರಮಾಣುಗಳಿರುತ್ತವೆ. ಇಂಗಾಲದ ಪರಮಾಣುಗಳು ಸರಪಳಿಯಂತೆ ಕೈಕೈ ಹಿಡಿದು ನಿಂತಿವೆ. ಒಂದು ಜೋಡಿ ಒಂಟಿ ಕೈಯಿಂದ, ಮುಂದಿನದು ಎರಡೂ ಕೈಗಳಿಂದ, ಹೀಗೆ ಒಂದು ಬಿಟ್ಟು ಒಂದು. ಈ ಉದ್ದವಾದ ಏರ್ಪಾಡೇ ಬೆಳಕಿನೊಳಗಿನ ನೀಲಿ ಹಸಿರುಗಳನ್ನು ನುಂಗಿ ಕೆಂಪನ್ನು ನಮ್ಮ ಕಣ್ಣಿಗೆ ಬಿಡುತ್ತದೆ. ಗಾಳಿಯ ಆಮ್ಲಜನಕವು ಆ ಎರಡು ಕೈಗಳ ಹಿಡಿತವಿದ್ದಲ್ಲಿ ಹೊಕ್ಕು ಸರಪಳಿಯನ್ನು ಕಡಿದರೆ ಬಣ್ಣ ಹೋಯಿತು. ಖಾರ ಕೊಡುವ ಕ್ಯಾಪ್ಸೈಸಿನ್‌ನಲ್ಲಿ ಇಂಗಾಲದ ಪರಮಾಣುಗಳು 18 ಮಾತ್ರ, ಅಂಥ ಉದ್ದನೆಯ ಏರ್ಪಾಡು ಅದರಲ್ಲಿಲ್ಲ. ಆದುದರಿಂದ ಅದು ಅಷ್ಟು ಸುಲಭವಾಗಿ ಕೆಡುವುದಿಲ್ಲ. ಬಣ್ಣ ಹೋಗಿ ಖಾರ ಉಳಿಯುವ ಗುಟ್ಟು ಇಷ್ಟೇ.

ಇವೆರಡೂ ಇಂಗಾಲದ ಸಂಯುಕ್ತಗಳು, ಎಂದರೆ ಶಾಲೆಯ ಪುಸ್ತಕದ ಸಾವಯವ ಸಂಯುಕ್ತಗಳು. ಗೊಬ್ಬರದಿಂದ ಬೆಳೆದ ಕಾಳುಕಡಿಗೆ ಈಗ ಅಂಗಡಿಗಳಲ್ಲಿ ಅಂಟಿಸುವ 'ಸಾವಯವ' ಎಂಬ ಚೀಟಿಗೂ ಇದಕ್ಕೂ ಸಂಬಂಧವಿಲ್ಲ. ಇಂಥ ದ್ರವ್ಯಗಳು ಜೀವಿಗಳ ಒಡಲಿನಲ್ಲಿ ಮಾತ್ರ ಹುಟ್ಟುತ್ತವೆಂದು ಪೂರ್ವದಲ್ಲಿ ಪಂಡಿತರು ನಂಬಿದ್ದರು. 1828ರಲ್ಲಿ ಜರ್ಮನಿಯ ವೋಲರನು ಮೂತ್ರದೊಳಗಿನ ಯೂರಿಯಾವನ್ನು ಪ್ರಯೋಗಶಾಲೆಯಲ್ಲಿಯೇ ಮಾಡಿ ತೋರಿಸಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಸಾವಯವವಾದುದೆಲ್ಲ ಹಿತವೆಂದೂ ತಿಳಿಯಬಾರದು. ಸೂಡಾನ್ ಎಂಬ ಕೃತಕ ಕೆಂಪು ಬಣ್ಣವೂ ಸಾವಯವವೇ. ಅದನ್ನು ಆಹಾರಕ್ಕೆ ಬೆರೆಸುವುದು ನಿಷಿದ್ಧ. ಅದು ಬೆರೆತ ಮೆಣಸಿನ ಪುಡಿಯ ಕಾರಣದಿಂದ 2005ರಲ್ಲಿ ಇಂಗ್ಲೆಂಡಿನ ಅಂಗಡಿಗಳಿಂದ ನೂರಾರು ಬಗೆಯ ಸಿದ್ಧ ತಿನಿಸುಗಳನ್ನು ಹಿಂದೆಗೆಯಬೇಕಾಯಿತು. ಬಣ್ಣಕ್ಕೆ ಬೆಲೆ ಇದ್ದಲ್ಲಿ ಬಣ್ಣದ ಕಳ್ಳತನವೂ ಇರುತ್ತದೆ.

ಇನ್ನು ವೇಗದ ಮಾತು. ಗೊತ್ತಾದ ಒಂದು ಅವಧಿಯಲ್ಲಿ ಎಷ್ಟು ದ್ರವ್ಯ ಮಾರ್ಪಟ್ಟಿತೆಂಬುದೇ ಕ್ರಿಯೆಯ ವೇಗ. ಕಾವು ಏರಿದರೆ ವೇಗವೂ ಏರುತ್ತದೆ. ಒಗ್ಗರಣೆ ಹಾಕುವ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ: ಡಬ್ಬಿಯಲ್ಲಿ ತಿಂಗಳುಗಟ್ಟಲೆ ಬಾಳಿದ ಪುಡಿಯು ಕಾದ ಎಣ್ಣೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪಾಗುತ್ತದೆ. ಅದಕ್ಕಾಗಿಯೇ ಅವರು ಒಲೆಯಿಂದ ಇಳಿಸಿದ ಮೇಲೆ ಪುಡಿ ಹಾಕುವುದು. ಅನೇಕ ಕ್ರಿಯೆಗಳಲ್ಲಿ ಪ್ರತಿ 10 ಡಿಗ್ರಿ ಕಾವಿಗೆ ವೇಗವು ಸುಮಾರು ಇಮ್ಮಡಿಯಾಗುತ್ತದೆಂಬ ಒಂದು ಸ್ಥೂಲ ಲೆಕ್ಕವುಂಟು. ಅದನ್ನು ಹಿಂದುಮುಂದಾಗಿ ಹಿಡಿಯೋಣ. 35 ಡಿಗ್ರಿಯ ಬೇಸಗೆಯ ಕೋಣೆಯಿಂದ ಕಾಯಿಯನ್ನು 5 ಡಿಗ್ರಿಯ ಉಗ್ರಾಣಕ್ಕೆ ಸಾಗಿಸಿದರೆ ವೇಗವು ಮೂರು ಸಲ ಅರ್ಧವಾಗುತ್ತದೆ. ಹೊರಗೆ ಒಂದು ತಿಂಗಳಲ್ಲಿ ಆಗುವ ಹಾನಿಗೆ ಒಳಗೆ ಎಂಟು ತಿಂಗಳು ಬೇಕು. ಈ ಲೆಕ್ಕವು ಮೆಣಸಿನಕಾಯಿಗೆ ಅಂಕಿಗೆ ಅಂಕಿ ಒಪ್ಪಲಾರದು, ಆದರೂ ದಿಕ್ಕು ತಪ್ಪಿಸುವುದಿಲ್ಲ. ಬ್ಯಾಡಗಿಯ ಸುತ್ತಲೂ ಎದ್ದಿರುವ ಶೀತಲ ಗೃಹಗಳು ಬಾಡಿಗೆಗೆ ಕೊಡುವುದು ಬರಿಯ ಜಾಗವನ್ನಲ್ಲ, ನಿಧಾನವಾದ ಕಾಲವನ್ನು.

2024ರ ಮಾರ್ಚ್ 11ರಂದು ದರ ಒಮ್ಮೆಲೆ ಕುಸಿದಾಗ ಬ್ಯಾಡಗಿಯ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಗಲಭೆಗೆ ತಿರುಗಿ ವಾಹನಗಳು ಬೆಂಕಿಗೆ ಆಹುತಿಯಾದವು. ಬಾಡಿಗೆ ತೆರಬಲ್ಲವನು ಕಾಯಿಯನ್ನು ತಂಪಿನಲ್ಲಿಟ್ಟು ಕಾಯಬಲ್ಲನು. ಸಾಲದ ಕಂತು ಬಾಗಿಲಲ್ಲಿರುವವನು ಅಂದೇ ಮಾರಬೇಕು. ಅಷ್ಟೇ ಅಲ್ಲ, ತಂಪಿನಲ್ಲಿ ಕೆಂಪು ಉಳಿಸಿಕೊಂಡ ಹೋದ ವರುಷದ ಕಾಯಿಯೇ ಈ ವರುಷದ ಕಾಯಿಗೆ ಪೈಪೋಟಿಗೆ ನಿಲ್ಲಬಹುದು. ಕ್ರಿಯೆಯನ್ನು ನಿಧಾನಗೊಳಿಸುವ ವಿದ್ಯೆ ಎಲ್ಲರಿಗೂ ಒಂದೇ ಲಾಭ ತರುವುದಿಲ್ಲವೆಂದು ನಮಗೆ ತೋರುತ್ತದೆ.

ಮನೆಯಲ್ಲಿ ಕಾವಿಗಿಂತಲೂ ಹೆಚ್ಚು ಹಾನಿ ಮಾಡುವುದು ಬಹುಶಃ ಪುಡಿಮಾಡುವ ಕೆಲಸವೇ. ಒಂದು ಸೆಂಟಿಮೀಟರು ಅಳತೆಯ ಘನದ ಮೈ 6 ಚದರ ಸೆಂಟಿಮೀಟರು. ಅದನ್ನೇ ಒಂದೊಂದು ಮಿಲಿಮೀಟರಿನ ಸಾವಿರ ತುಣುಕು ಮಾಡಿದರೆ ಗಾಳಿಗೆ ತೆರೆದ ಮೈ 60 ಚದರ ಸೆಂಟಿಮೀಟರು! ಖಾರಪುಡಿಯ ಕಣವು ಅದಕ್ಕಿಂತಲೂ ಸಣ್ಣದು. ಇಡಿಯ ಕಾಯಿಗಿರುವ ಸಿಪ್ಪೆಯ ಕಾವಲೂ ಪುಡಿಗೆ ಇಲ್ಲ. ಇದರ ಮೇಲೆ ಕಿಟಕಿಯ ಬೆಳಕು ಬಿದ್ದರೆ ಕೇಳುವುದೇ ಬೇಡ. ಅಂದವಾಗಿ ಕಾಣುತ್ತದೆಂದು ಗಾಜಿನ ಭರಣಿಯನ್ನು ಬಿಸಿಲಿನ ಎದುರಿಗಿಡುವ ಈಗಿನ ಪದ್ಧತಿಯನ್ನು ನಾವು ಒಪ್ಪಲಾರೆವು.

ಮಕ್ಕಳಿದ್ದ ಮನೆಯವರು ಹೀಗೆ ಮಾಡಿ ನೋಡಬಹುದು. ಒಂದೇ ಚೀಲದ ಕಾಯಿಯನ್ನು ತೆಗೆದುಕೊಂಡು, ಸ್ವಲ್ಪ ಇಡಿಯಾಗಿ, ಉಳಿದದ್ದು ಪುಡಿಯಾಗಿ, ಬಿಗಿಯಾದ ಮುಚ್ಚಳದ ಒಂದೇ ಬಗೆಯ ಸೀಸೆಗಳಲ್ಲಿ ಹಾಕಬೇಕು. ಇಡಿಯ ಕಾಯಿ ಮತ್ತು ಒಂದು ಸೀಸೆ ಪುಡಿ ಕತ್ತಲೆಯ ಕಪಾಟಿನಲ್ಲಿ, ಎರಡನೆಯ ಸೀಸೆ ಪುಡಿ ಕಿಟಕಿಯಲ್ಲಿ, ಮೂರನೆಯದು ಶೀತಕಪಾಟಿನಲ್ಲಿ. ಎರಡು ತಿಂಗಳಾದ ಮೇಲೆ ಇಡಿಯ ಕಾಯಿಯನ್ನು ಕುಟ್ಟಿ, ನಾಲ್ಕರಿಂದಲೂ ಒಂದೊಂದು ಚಮಚ ತೆಗೆದು ಸಮನಾದ ಉಗುರುಬೆಚ್ಚನೆಯ ಎಣ್ಣೆಯಲ್ಲಿ ಕಲಸಿಡಬೇಕು. ನೀರಿನಲ್ಲಿ ಕಲಸಬಾರದು, ಈ ಕೆಂಪು ಎಣ್ಣೆಯಲ್ಲಿ ಕರಗುವುದೇ ಹೊರತು ನೀರಿನಲ್ಲಲ್ಲ. ಖಾರದ ದ್ರವ್ಯವೂ ಅದೇ ಜಾತಿಯದಾದುದರಿಂದ ಬಾಯಿ ಉರಿದಾಗ ನೀರಿಗಿಂತ ಹಾಲು ಬೆಣ್ಣೆಗಳು ಬೇಗ ಸಮಾಧಾನ ಕೊಡುತ್ತವೆ. ತಿಳಿಯಾದ ಎಣ್ಣೆಯನ್ನು ಬಿಳಿಯ ಬಟ್ಟಲುಗಳಿಗೆ ಬಸಿದು ಸಾಲಾಗಿಟ್ಟರೆ ಯಾವುದು ಎಷ್ಟು ಮಾಸಿತೆಂಬುದನ್ನು ಮಕ್ಕಳೇ ಹೇಳುವರು.

ತಂಪಿನಿಂದ ತೆಗೆದ ಸೀಸೆಯ ಮುಚ್ಚಳವನ್ನು ಮಾತ್ರ ಒಡನೆ ಬಿಚ್ಚಬೇಡಿರಿ. ಹೊರಗಿನ ಗಾಳಿಯ ತೇವವು ತಣ್ಣನೆಯ ಪುಡಿಯ ಮೇಲೆ ಇಳಿದು ಗಂಟುಕಟ್ಟುತ್ತದೆ, ಮುಂದೆ ಬೂಷ್ಟಿಗೂ ದಾರಿಯಾಗುತ್ತದೆ. ಸೀಸೆಯು ಮನೆಯ ಕಾವಿಗೆ ಬರುವವರೆಗೆ ಒಂದೆರಡು ತಾಸು ಹಾಗೆಯೇ ಇಟ್ಟು ಆಮೇಲೆ ತೆರೆಯುವುದು.