ಇಂಗ್ಲಿಷ್ ಯಾರ ಭಾಷೆ?

ಬ್ರಿಟನ್ನಿನ ವಿಶ್ವವಿದ್ಯಾನಿಲಯದಿಂದ ಮಗನಿಗೆ ಪ್ರವೇಶ ಪತ್ರ ಬಂದಿತೆಂದು ಸಿಹಿ ಹಂಚಿ, ಆ ಬಳಿಕ ಅದರ ಷರತ್ತನ್ನು ಓದಿ ದಿಗಿಲುಗೊಳ್ಳುವ ಹೆತ್ತವರಿದ್ದಾರೆ. ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಬೇಕಾದುದು 6.5 ಅಂಕ, ಮಗನಿಗೆ ದೊರೆತದ್ದು 6. ಆದ್ದರಿಂದ ಪದವಿ ತರಗತಿಗೆ ಮುನ್ನ ಕೆಲವು ವಾರಗಳ ಇಂಗ್ಲಿಷ್ ಕೋರ್ಸನ್ನು ಆತ ಮುಗಿಸಬೇಕು. ಅದರ ಶುಲ್ಕ ಬೇರೆ, ಊಟ-ವಸತಿಯ ಖರ್ಚು ಬೇರೆ. ತಾಯಿಯ ಒಡವೆ ಅಡವಿಟ್ಟು ಹಾಕಿದ ಲೆಕ್ಕಾಚಾರ ಅಲ್ಲಿಗೇ ತಲೆಕೆಳಗಾಗುತ್ತದೆ.

ಹದಿನೈದು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನಿಗೆ ಮತ್ತೆ ಇಂಗ್ಲಿಷ್ ಪಾಠವೇ ಎಂಬ ಸಿಟ್ಟು ಸಹಜವಾದುದು. ಅದರಲ್ಲಿ ನ್ಯಾಯವೂ ಇದೆ. ಬ್ರಿಟನ್ನಿನ ವಲಸೆ ನಿಯಮಗಳಲ್ಲಿ, ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಪಡೆದ ದೇಶಗಳ ಪಟ್ಟಿಯೊಂದಿದೆ. ಅಮೇರಿಕ, ಆಸ್ಟ್ರೇಲಿಯಾ, ಕೆನಡಾ, ಜಮೈಕಾ ಅದರಲ್ಲಿವೆ. ಭಾರತವಿಲ್ಲ, ನೈಜೀರಿಯಾವೂ ಇಲ್ಲ. ಮನೆಯಲ್ಲಿಯೂ ಶಾಲೆಯಲ್ಲಿಯೂ ಫ್ರೆಂಚನ್ನೇ ಬಳಸಿ ಬೆಳೆದ ಕ್ವಿಬೆಕ್‌ನ ಯುವಕನಿಗೆ ಕೆನಡಾದ ಪಾಸ್‌ಪೋರ್ಟ್ ಇದ್ದರೆ ಸಾಕು, ವೀಸಾಕ್ಕೆ ಪರೀಕ್ಷೆ ಬೇಕಿಲ್ಲ. ಹಾಗಾದರೆ ಇಲ್ಲಿ ತೂಗುತ್ತಿರುವುದು ನಾಲಗೆಯನ್ನೋ, ಪಾಸ್‌ಪೋರ್ಟನ್ನೋ? ವಿದೇಶಿ ವಿದ್ಯಾರ್ಥಿಗಳಿಂದ ಸ್ವದೇಶೀಯರಿಗಿಂತ ಹೆಚ್ಚಿನ ಶುಲ್ಕ ವಸೂಲು ಮಾಡುವ ಸಂಸ್ಥೆಗಳು ಈ ಭಾಷಾ ಕೋರ್ಸಿಗೂ ಪ್ರತ್ಯೇಕವಾಗಿ ಹಣ ಕೇಳುವುದು ಸಮರ್ಥನೀಯವಲ್ಲ.

ಆದರೆ ಆ ಕೋರ್ಸಿನಲ್ಲಿ ಕಲಿಸುವುದೇನೆಂಬುದನ್ನು ನಾವು ವಿಚಾರಿಸುವುದಿಲ್ಲ. ಅದು ವ್ಯಾಕರಣದ ಮರುಪಾಠವಲ್ಲ. ನಾಲ್ಕು ಪುಸ್ತಕ ಓದಿ ಸ್ವಂತ ವಾದ ಕಟ್ಟುವುದು, ಯಾರ ಮಾತನ್ನು ಎಲ್ಲಿಂದ ಪಡೆದೆನೆಂದು ದಾಖಲಿಸುವುದು, ಉಪನ್ಯಾಸ ಕೇಳುತ್ತಲೇ ಟಿಪ್ಪಣಿ ಬರೆದುಕೊಳ್ಳುವುದು ಅಲ್ಲಿನ ಪಾಠ. ನಮ್ಮಲ್ಲಿಯೋ, ನೋಟ್ಸ್ ಉರು ಹೊಡೆದು ಅದನ್ನೇ ಉತ್ತರಪತ್ರಿಕೆಗೆ ಇಳಿಸಿದವನು ಜಾಣ. ಅದೇ ಅಭ್ಯಾಸವನ್ನು ಅಲ್ಲಿ ಮುಂದುವರಿಸಿದರೆ ಕೃತಿಚೌರ್ಯದ ಆರೋಪ ಎದುರಿಸಬೇಕಾಗುತ್ತದೆ. ಟೈ ಕಟ್ಟಿಸಿ ಕಾನ್ವೆಂಟಿಗೆ ಕಳುಹಿಸಿದ ನಾವು, ಮಗು ಇಂಗ್ಲಿಷಿನಲ್ಲಿ ಸ್ವಂತವಾಗಿ ಒಂದು ಪುಟ ಬರೆಯಬಲ್ಲುದೇ ಎಂದು ಎಂದಾದರೂ ನೋಡಿದ್ದೇವೆಯೇ? (ಉರ್ದುವಿನಲ್ಲಿಯೋ ಕನ್ನಡದಲ್ಲಿಯೋ ಬರೆಯಬಲ್ಲುದೇ ಎಂಬ ಪ್ರಶ್ನೆ ಸದ್ಯಕ್ಕೆ ಬೇಡ.)

ಕೆಲವು ವಿಶ್ವವಿದ್ಯಾನಿಲಯಗಳು ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕಗಳನ್ನೇ ಒಪ್ಪುತ್ತವೆ. ಆದರೆ ಕೇಂದ್ರೀಯ ಮಂಡಳಿಗೊಂದು ಅಳತೆ, ರಾಜ್ಯ ಮಂಡಳಿಗೆ ಇನ್ನೊಂದು ಇರುವುದುಂಟು. ಏಜೆಂಟರ ಮಾತಿಗೆ ಜೋತು ಬೀಳದೆ, ಹಣ ಕಟ್ಟುವ ಮೊದಲೇ ವಿಶ್ವವಿದ್ಯಾನಿಲಯಕ್ಕೆ ಬರೆದು ಲಿಖಿತ ಉತ್ತರ ಪಡೆಯಬೇಕು. ಐಇಎಲ್‌ಟಿಎಸ್ ಅಂಕಗಳಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಮಾನ್ಯತೆಯಿರುವುದರಿಂದ, ಕೊನೆಯ ಗಳಿಗೆಯವರೆಗೆ ಕಾಯದೆ ಮೊದಲೇ ಬರೆದರೆ ಇನ್ನೊಮ್ಮೆ ಯತ್ನಿಸಲು ಸಮಯ ಉಳಿಯುತ್ತದೆ.

ತರಗತಿಗಳು ಆರಂಭವಾದ ಬಳಿಕವೂ ಬ್ರಿಟನ್ನಿನ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಬರವಣಿಗೆಯ ಉಚಿತ ತರಗತಿಗಳಿರುತ್ತವೆ. ದಡ್ಡನೆಂದು ತಿಳಿದಾರು ಎಂಬ ಅಳುಕಿನಿಂದ ಅತ್ತ ಸುಳಿಯದ ಹುಡುಗರಿದ್ದಾರೆ. ಫೋನಿನಲ್ಲಿ ಊಟವಾಯಿತೇ ಎಂದು ವಿಚಾರಿಸುವ ತಂದೆ-ತಾಯಿ, ಆ ತರಗತಿಗೆ ಹೋದೆಯಾ ಎಂದೂ ಕೇಳಲಿ.